ಅಜ್ಜನ ವಾಚು ಹರಾಜಿಗೆ ಹೋಗುತ್ತಾ? ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಳೆಯ ವಾಚು ಕೂಡಿಡುವವನು ಅಂತ ಊರಲ್ಲಿ ಗೊತ್ತಾದ ಮೇಲೆ ಮದುವೆ ಮನೆಯ ಪಂಕ್ತಿಯಲ್ಲೂ ನೆಮ್ಮದಿ ಇಲ್ಲ. ಪಾಯಸ ಬಡಿಸುವ ಹೊತ್ತಿಗೆ ಪಕ್ಕದವರು ಮೊಬೈಲ್ ತೆಗೆದು ಫೋಟೋ ತೋರಿಸುತ್ತಾರೆ. "ಇದು ಎಷ್ಟು ಬಾಳುತ್ತೆ, ಸ್ವಲ್ಪ ನೋಡಿ." ಸಕಲೇಶಪುರ, ಬೇಲೂರು, ಮೂಡಿಗೆರೆ, ಚಿಕ್ಕಮಗಳೂರಿನಿಂದಲೂ ಫೋನ್ ಬರುತ್ತದೆ. ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಅದಕ್ಕೆ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ನಮ್ಮ ಅಜ್ಜನ ವಾಚು ಬೀರುವಿನಲ್ಲಿದೆ. ಕೋಟಿ ಬಾಳುತ್ತಾ?

ಬಹುಮಟ್ಟಿಗೆ ಇಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಸಿಗುವುದು ಎಚ್‌ಎಂಟಿ, ಫೇವರ್ ಲೂಬಾ, ವೆಸ್ಟ್ ಎಂಡ್, ಅಲ್ಲೊಂದು ಇಲ್ಲೊಂದು ಟಿಸ್ಸಾಟ್, ಒಮೆಗಾ. ಇವುಗಳಲ್ಲಿ ಬಹಳಷ್ಟು ಸಾವಿರದ ಲೆಕ್ಕದವು. ಕೆಲವು ಲಕ್ಷ ಮುಟ್ಟಬಹುದು. ಕಾಫಿ ತೋಟದ ಮನೆಗಳಲ್ಲಿ ಮಾತ್ರ ಆಗಾಗ ಬೇರೆ ಥರದ್ದು ಕಣ್ಣಿಗೆ ಬೀಳುತ್ತದೆ. ತೋಟ ಮಾರಿ ಹೋಗುವಾಗ ಬಿಳಿಯ ದೊರೆ ತೋಟದ ಲೆಕ್ಕ ಬರೆಯುವ ರೈಟರಿಗೆ ಕೊಟ್ಟ ವಾಚು, ಬಾಂಬೆಗೆ ಹೋಗಿದ್ದಾಗ ಸಾಹುಕಾರರು ತಂದ ವಾಚು, ಹೀಗೆ. ಅಂಥದ್ದಿದ್ದರೆ ಆತುರ ಬೇಡ, ಒರೆಸುವುದೂ ಬೇಡ. ಮುಂದೆ ಓದಿ.

ಹಾಗಾದರೆ ಕೋಟಿಗಟ್ಟಲೆ ಬಾಳುವ ವಾಚು ಯಾವುದು? ಅದರಲ್ಲಿ ವಜ್ರ ಇರುತ್ತಾ?

ವಜ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಫಿಲಿಪ್ಸ್ ಎಂಬ ಹರಾಜು ಸಂಸ್ಥೆ ಒಂದು ರೋಲೆಕ್ಸ್ ಡೇಟೋನಾ ಮಾರಿತು. ಸಾದಾ ಸ್ಟೀಲ್ ವಾಚು. ಹಾಲಿವುಡ್ ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಕೊಟ್ಟಿದ್ದು. ಅವರಿಗೆ ಕಾರ್ ರೇಸಿನ ಹುಚ್ಚು. ಅದಕ್ಕೆ ಹೆಂಡತಿ ಹಿಂಭಾಗದಲ್ಲಿ "ಹುಷಾರಾಗಿ ಗಾಡಿ ಓಡಿಸಿ" ಅನ್ನುವ ಅರ್ಥದ ಮಾತು ಕೆತ್ತಿಸಿದ್ದರು. ಮುಂದೆ ನ್ಯೂಮನ್ ಅದನ್ನು ಮಗಳ ಗೆಳೆಯನಿಗೆ ಸುಮ್ನೆ ಕೊಟ್ಟುಬಿಟ್ಟರು. ಆ ಹುಡುಗನ ಕೈಯಲ್ಲಿ ವಾಚು ಇರಲಿಲ್ಲ, ಅಷ್ಟೇ ಕಾರಣ. ಹರಾಜಿನಲ್ಲಿ ಮೊದಲ ಸವಾಲೇ 1 ಕೋಟಿ ಡಾಲರ್. ಕೊನೆಗೆ ಕಮಿಷನ್ ಸೇರಿ 1,77,52,500 ಡಾಲರ್‌ಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 115 ಕೋಟಿ ರೂಪಾಯಿ.

ತಮಾಷೆ ಏನು ಗೊತ್ತಾ? ನ್ಯೂಮನ್ ವಾಚಿನಲ್ಲಿದ್ದ ಥರದ ಡಯಲ್ (ಗಾಜಿನ ಕೆಳಗಿನ ಮುಖ) ಇರುವ ಡೇಟೋನಾ ಹೊಸದಾಗಿ ಬಂದಾಗ ಅಂಗಡಿಯಲ್ಲಿ ಕೇಳುವವರೇ ಇರಲಿಲ್ಲ. ಕಡಿಮೆ ಮಾರಾಟವಾಯಿತು, ಹಾಗಾಗಿ ಇವತ್ತು ಕಡಿಮೆ ಇವೆ.

ಅದಕ್ಕಿಂತ ಜಾಸ್ತಿ ಹಣಕ್ಕೆ ಹೋದದ್ದು ಪಟೆಕ್ ಫಿಲಿಪ್ ಕಂಪನಿಯ ಗ್ರ್ಯಾಂಡ್‌ಮಾಸ್ಟರ್ ಚೈಮ್. 2019ರ ನವೆಂಬರ್‌ನಲ್ಲಿ ಜಿನೀವಾದಲ್ಲಿ 3.1 ಕೋಟಿ ಸ್ವಿಸ್ ಫ್ರಾಂಕ್, ಅಂದರೆ ಸುಮಾರು 220 ಕೋಟಿ ರೂಪಾಯಿ. ಅದು ಹಳೆಯದಲ್ಲ. ಮಕ್ಕಳ ಸ್ನಾಯು ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು ಸ್ಟೀಲಿನಲ್ಲಿ ಒಂದೇ ಒಂದು ಮಾಡಿದ್ದರು. ಅದೇ ಕಂಪನಿ ಚಿನ್ನದಲ್ಲಿ ಮಾಡಿದ ವಾಚಿಗಿಂತ ಸ್ಟೀಲಿನದಕ್ಕೆ ಬೆಲೆ ಹೆಚ್ಚಾಗುವುದು ಈ ಲೋಕದಲ್ಲಿ ಮಾಮೂಲು. 1940ರ ದಶಕದ ಪಟೆಕ್ 1518 ಅನ್ನುವ ಮಾದರಿ ಸ್ಟೀಲಿನಲ್ಲಿ ಗೊತ್ತಿರುವುದು ನಾಲ್ಕೇ ನಾಲ್ಕು. ಅದರಲ್ಲೊಂದು 2016ರಲ್ಲಿ 1.1 ಕೋಟಿ ಫ್ರಾಂಕ್ ದಾಟಿತು. ನಮ್ಮ ಚಿನಿವಾರರಿಗೆ ಈ ಲೆಕ್ಕ ಹೇಳಿದರೆ ನಗುತ್ತಾರೆ.

ಹೊಸ ದುಬಾರಿ ವಾಚಿಗೂ ಹರಾಜಿನ ವಾಚಿಗೂ ವ್ಯತ್ಯಾಸ ಏನು?

2016ರಲ್ಲಿ ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಉಡುಗೊರೆಯಾಗಿ ಬಂದ ಹೂಬ್ಲೋ ವಾಚನ್ನು ಸ್ಪೀಕರ್‌ಗೆ ಒಪ್ಪಿಸಿದ್ದು ನೆನಪಿರಬೇಕು. ತಿಂಗಳುಗಟ್ಟಲೆ ಟೀ ಅಂಗಡಿಯಲ್ಲೆಲ್ಲ ಅದೇ ಮಾತು. ಅದು ದುಬಾರಿ ವಾಚು. ಆದರೆ ದುಬಾರಿ ಅನ್ನುವುದು ಬೇರೆ, ಅಪರೂಪ ಅನ್ನುವುದು ಬೇರೆ. ದುಡ್ಡಿದ್ದರೆ ಷೋರೂಮಿಗೆ ಹೋಗಿ ತರಬಹುದಾದದ್ದು ಹೆಚ್ಚಿನಂಶ ಹೊರಗೆ ಕಾಲಿಟ್ಟ ಕೂಡಲೇ ಬೆಲೆ ಕಳೆದುಕೊಳ್ಳುತ್ತದೆ, ಕಾರಿನ ಹಾಗೆ. ದುಡ್ಡು ಹಿಡಿದುಕೊಂಡು ಓಡಾಡಿದರೂ ಸಿಗದೇ ಇರುವುದಕ್ಕೆ ಹರಾಜಿನಲ್ಲಿ ಜನ ಕಿತ್ತಾಡುತ್ತಾರೆ.

ವಾಚು ಮಸುಕಾಗಿದೆ. ತೋರಿಸುವ ಮೊದಲು ಪಾಲಿಶ್ ಮಾಡಿಸಿ, ಡಯಲ್ ಹೊಸದು ಮಾಡಿಸಲಾ?

ಬೇಡ. ದಯವಿಟ್ಟು ಬೇಡ. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ಓದಿ.

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಒಮೆಗಾ ಇತ್ತು. ಅವರು ತೀರಿಕೊಂಡ ಮೇಲೆ ದೊಡ್ಡಮ್ಮ ನನ್ನ ಕೈಗೆ ಕೊಟ್ಟರು. ಡಯಲ್ ಕೆನೆ ಬಣ್ಣದಿಂದ ಕಂದಿಗೆ ತಿರುಗಿತ್ತು, ಅಂಚಿನಲ್ಲಿ ಬೆಲ್ಲದ ಪಾಕ ಸಿಡಿದ ಹಾಗೆ ಚುಕ್ಕೆಗಳು. ನನಗಾಗ ಏನೂ ಗೊತ್ತಿರಲಿಲ್ಲ. ಪೇಟೆಯ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. "ಹೊಸದರ ಹಾಗೆ ಮಾಡಿಕೊಡ್ತೀನಿ" ಅಂದರು, ಮಾಡಿಯೂ ಕೊಟ್ಟರು. ಮುನ್ನೂರೈವತ್ತು ರೂಪಾಯಿ. ಬೆಳ್ಳಗೆ ಹಾಲಿನ ಹಾಗಿತ್ತು. ಮನೆಯಲ್ಲೆಲ್ಲ ತೋರಿಸಿ ಖುಷಿಪಟ್ಟೆ.

ನಾಲ್ಕು ವರ್ಷ ಬಿಟ್ಟು ಒಂದು ಹರಾಜು ಸಂಸ್ಥೆಯವರಿಗೆ ಫೋಟೋ ಕಳಿಸಿದೆ. ಒಂದೇ ಸಾಲಿನ ಉತ್ತರ ಬಂತು: ಹಳೆಯ ಡಯಲ್ ಇದೆಯೇ? ಅವತ್ತು ಭೂತಗನ್ನಡಿ ಹಿಡಿದು ನೋಡಿದೆ. ನಿಮಿಷದ ಗೆರೆಗಳು ಒಂದೊಂದು ಒಂದೊಂದು ಉದ್ದ. ಹೆಸರಿನ ಅಕ್ಷರಗಳು ಮದುವೆ ಬೋರ್ಡಿನ ಪೇಂಟಿನ ಹಾಗೆ ದಪ್ಪ. ಕೆಳಗೆ ಸಣ್ಣಗೆ 'ಸ್ವಿಸ್ ಮೇಡ್' ಅಂತ ಇರಬೇಕಾದ ಸಾಲೇ ಇಲ್ಲ. ಹಳೆಯ ಬಣ್ಣವನ್ನು ಉಜ್ಜಿ ತೆಗೆದು ಅದರ ಮೇಲೆ ಬಳಿದಿದ್ದರು. ವಾಪಸ್ ಬರುವಂಥದ್ದಲ್ಲ. ರಿಪೇರಿಯವರ ಮೇಲೆ ನನಗೆ ಸಿಟ್ಟಿಲ್ಲ, ನಾನು ಕೇಳಿದ್ದನ್ನೇ ಅವರು ಮಾಡಿದರು.

ಹರಾಜಿನವರ ಕಣ್ಣಿಗೆ ಡಯಲ್ ಅಂದರೆ ಮುಖ. ಕಪ್ಪು ಡಯಲ್ ಬಿಸಿಲಿಗೆ ಕಾಫಿಪುಡಿ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ 'ಟ್ರಾಪಿಕಲ್' ಡಯಲ್ ಅಂತ ಹೆಸರಿಟ್ಟು ಜಾಸ್ತಿ ದುಡ್ಡು ಕೊಡುವವರಿದ್ದಾರೆ. ಪಾಲಿಶ್ ಕಥೆಯೂ ಅಷ್ಟೇ. ಚೂಪಾಗಿದ್ದ ಅಂಚುಗಳು ಪಾಲಿಶ್ ಚಕ್ರಕ್ಕೆ ಸಿಕ್ಕಿ ಸೋಪಿನ ಬಿಲ್ಲೆಯ ಹಾಗೆ ಗುಂಡಗಾಗುತ್ತವೆ. ಗೀರು ಇರಲಿ ಬಿಡಿ. ಅದು ಅಜ್ಜ ಕಟ್ಟಿಕೊಂಡಿದ್ದಕ್ಕೆ ಸಾಕ್ಷಿ.

ಅಸಲಿಯೋ ಕಲಬೆರಕೆಯೋ ಹೇಗೆ ಗೊತ್ತಾಗುತ್ತೆ?

ಪೂರ್ತಿ ನಕಲಿ ಹಿಡಿಯುವುದು ಸುಲಭ. ಕಷ್ಟ ಇರುವುದು ಕಲಬೆರಕೆಯಲ್ಲಿ. ಡಯಲ್ ಒಂದರದ್ದು, ಮುಳ್ಳು ಇನ್ನೊಂದರದ್ದು, ಮೆಷಿನ್ ಮತ್ತೊಂದರದ್ದು. ಎಲ್ಲವೂ ಅಸಲಿಯೇ, ಆದರೆ ಒಟ್ಟಿಗೆ ಹುಟ್ಟಿದ್ದಲ್ಲ.

ನಮ್ಮ ಊರಿನ ಒಬ್ಬ ಹಿರಿಯ ರಿಪೇರಿಯವರ ಪಕ್ಕ ನಾನು ಎಷ್ಟೋ ಮಧ್ಯಾಹ್ನ ಕೂತಿದ್ದೇನೆ. ಅವರು ಮೊದಲು ವಾಚನ್ನು ಕಿವಿಗೆ ಹಿಡಿಯುತ್ತಾರೆ. ಆಮೇಲೆ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದು, ಮೆಷಿನ್ ನೋಡುವ ಮೊದಲು ಮುಚ್ಚಳದ ಒಳಮೈ ನೋಡುತ್ತಾರೆ. ಅಲ್ಲಿ ಸೂಜಿಯಲ್ಲಿ ಗೀಚಿದ ಸಣ್ಣ ಸಣ್ಣ ಅಕ್ಷರ, ತಾರೀಕು ಇರುತ್ತದೆ. ಹಿಂದೆ ರಿಪೇರಿ ಮಾಡಿದವರು ಬಿಟ್ಟ ಗುರುತು. ಆಮೇಲೆ ಸ್ಕ್ರೂ ತಲೆ. ತಲೆಯ ಸೀಳು ಕಿತ್ತುಹೋಗಿದ್ದರೆ ಸಿಕ್ಕಸಿಕ್ಕವರು ಕೈಹಾಕಿದ್ದಾರೆ ಅಂತ ಲೆಕ್ಕ. ಮೆಷಿನ್ ಕೂರುವ ಜಾಗದಲ್ಲಿ ತಗಡಿನ ಚೂರೋ ಮಡಚಿದ ಕಾಗದವೋ ಸಿಕ್ಕರೆ ಅವರು ಏನೂ ಹೇಳದೆ ನನ್ನ ಮುಖ ನೋಡಿ ನಗುತ್ತಾರೆ. ಆ ಮೆಷಿನ್ ಆ ಮನೆಯದಲ್ಲ.

ದೊಡ್ಡವರೂ ಮೋಸ ಹೋಗಿದ್ದಾರೆ. 2021ರಲ್ಲಿ ಜಿನೀವಾದಲ್ಲಿ 1957ರ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಫ್ರಾಂಕ್‌ಗೂ ಮೇಲೆ ಹೋಯಿತು. ಕೊಂಡದ್ದು ಸ್ವತಃ ಒಮೆಗಾ ಕಂಪನಿ, ತನ್ನ ಮ್ಯೂಸಿಯಂಗೆ. 2023ರಲ್ಲಿ ಅದು ಬೇರೆ ಬೇರೆ ವಾಚಿನ ಭಾಗ ಕೂಡಿಸಿ ಮಾಡಿದ್ದು ಅಂತ ಹೊರಬಿತ್ತು. ಇದರಲ್ಲಿ ತನ್ನದೇ ಮಾಜಿ ನೌಕರರ ಕೈವಾಡ ಇದೆ ಎಂದು ಕಂಪನಿಯೇ ಹೇಳಿತು. ಹೀಗಿರುವಾಗ ನಾವು ಮೊಬೈಲಿನಲ್ಲಿ ಫೋಟೋ ನೋಡಿ "ಅಸಲಿ" ಅಂದುಬಿಡುವುದು ಹೇಗೆ?

ಎಚ್‌ಎಂಟಿಗೆ ಬೆಲೆ ಬಂದಿದೆಯಂತೆ, ನಿಜವಾ?

ಪ್ರೀತಿ ಬಂದಿದೆ, ಬೆಲೆ ಸ್ವಲ್ಪ ಬಂದಿದೆ. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿ ವಾಚು ಮಾಡಲು ಶುರುಮಾಡಿತು. ಆಮೇಲೆ ನಮ್ಮ ಪಕ್ಕದ ತುಮಕೂರಿನಲ್ಲೂ ಕಾರ್ಖಾನೆ ಬಂತು. ಅಳಿಯನಿಗೆ ವಾಚು ಅಂದರೆ ಎಚ್‌ಎಂಟಿ, ಎಸ್‌ಎಸ್‌ಎಲ್‌ಸಿ ಪಾಸಾದರೆ ಎಚ್‌ಎಂಟಿ, ರಿಟೈರ್ ಆದರೂ ಎಚ್‌ಎಂಟಿ. ನಮ್ಮ ಮನೆಯಲ್ಲಿ ಅಪ್ಪ ಬೆಳಿಗ್ಗೆ ರೇಡಿಯೋದ ವಾರ್ತೆ ಶುರುವಾಗುವ ಹೊತ್ತಿಗೆ ಜನತಾ ವಾಚಿಗೆ ಕೀ ಕೊಡುತ್ತಿದ್ದರು. ಆ ಕರಕರ ಸದ್ದಿಗೆ ನಮಗೆ ಎಚ್ಚರ. 80ರ ದಶಕದ ಕೊನೆಗೆ ಟೈಟಾನ್ ಬಂದು, ಸೆಲ್ ವಾಚಿನ ಕಾಲವಾಗಿ, 2016ರಲ್ಲಿ ಎಚ್‌ಎಂಟಿ ವಾಚ್ ಘಟಕ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಆಮೇಲೇ ಎಲ್ಲರಿಗೂ ನೆನಪಾಗಿದ್ದು.

ಜನತಾ, ಪೈಲಟ್, ಕೋಹಿನೂರ್, ಸೋನಾ, ಇವೆಲ್ಲ ಈಗಲೂ ಕೈಗೆಟುಕುವ ಬೆಲೆಗೇ ಸಿಗುತ್ತವೆ. ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ಇವನ್ನೇ. ಒಂದು ಎಚ್ಚರಿಕೆ ಮಾತ್ರ. ಆನ್‌ಲೈನಲ್ಲಿ ಗಿಳಿಹಸಿರು, ಕಿತ್ತಳೆ, ನವಿಲುಬಣ್ಣದ ಡಯಲ್ ಇರುವ ಪಳಪಳ ಎಚ್‌ಎಂಟಿ, ಫೇವರ್ ಲೂಬಾ ಕಂಡರೆ ದೂರ ಇರಿ. ಒಳಗೆ ಹಳೆಯ ಮೆಷಿನ್, ಹೊರಗೆ ನಿನ್ನೆ ಬಳಿದ ಬಣ್ಣ. ಹೊರದೇಶದ ಸಂಗ್ರಹಕಾರರು ಇದಕ್ಕೆ 'ಮುಂಬೈ ಸ್ಪೆಷಲ್' ಅಂತ ಹೆಸರಿಟ್ಟು ಆಡಿಕೊಳ್ಳುತ್ತಾರೆ. ಅಸಲಿ ಮಾದರಿಗಳು ಹೇಗಿದ್ದವು ಅಂತ ಕಣ್ಣಾರೆ ನೋಡಬೇಕಿದ್ದರೆ ಬೆಂಗಳೂರಿನ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿಗೆ ಹೋಗಿ ಬನ್ನಿ.

ಕತ್ತಲಲ್ಲಿ ಹೊಳೆಯುತ್ತಿದ್ದ ವಾಚು ಈಗ ಹೊಳೆಯಲ್ಲ. ಕೆರೆದು ಹೊಸದು ಹಾಕಿಸಬಹುದಾ?

ಕೆರೆಯಲೇಬೇಡಿ. ನಾವು ಬೈಕಿಗೆ ಅಂಟಿಸುವ ಸ್ಟಿಕ್ಕರಿಗೂ ರೇಡಿಯಂ ಅಂತೀವಿ, ಅದರಲ್ಲಿ ರೇಡಿಯಂ ಇಲ್ಲ. ಆದರೆ 1960ರ ದಶಕದ ಶುರುವಿನವರೆಗಿನ ಎಷ್ಟೋ ವಾಚಿನಲ್ಲಿ ನಿಜವಾದ ರೇಡಿಯಂ ಇದೆ. ಹೊಳೆಯುವುದು ನಿಂತಿದೆ ಅಂದರೆ ಅದರ ಜೊತೆ ಬೆರೆಸಿದ ಪುಡಿ ಸವೆದಿದೆ ಅಷ್ಟೇ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ನೂರು ವರ್ಷದ ಹಿಂದೆ ಅಮೆರಿಕದ ಡಯಲ್ ಕಾರ್ಖಾನೆಗಳಲ್ಲಿ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಈ ಬಣ್ಣ ಹಚ್ಚಿದ ಹೆಣ್ಣುಮಕ್ಕಳು ದವಡೆ ಕೊಳೆತು ಸತ್ತರು. ಗಾಜು ಮುಚ್ಚಿದ್ದಾಗ ಭಯಪಡುವ ಅಗತ್ಯವಿಲ್ಲ. ಮನೆಯಲ್ಲಿ ಬಿಚ್ಚಬೇಡಿ, ಪುಡಿ ಉದುರಿಸಬೇಡಿ. ರಿಪೇರಿಗೆ ಕೊಡುವಾಗ ಅವರಿಗೂ ಹೇಳಿ.

ನಮ್ಮದು ಚಿನ್ನದ ವಾಚು. ತೂಕಕ್ಕೆ ಮಾರಿದರೆ ಆಯ್ತಲ್ವಾ?

ಗಿರವಿ ಅಂಗಡಿಯಲ್ಲಿ ಮುಚ್ಚಳ ಕಿತ್ತು ಮೆಷಿನ್ ನಿಮ್ಮ ಕೈಗೆ ವಾಪಸ್ ಕೊಟ್ಟು ಚಿನ್ನ ಮಾತ್ರ ತೂಗುತ್ತಾರೆ. ಅದನ್ನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿದಿದೆ. ಮೊದಲು ಮುಚ್ಚಳದ ಒಳಗೆ 750 ಅಂತ ಒತ್ತಿದ್ದಾರಾ ನೋಡಿ. ಅದು 18 ಕ್ಯಾರೆಟ್. 'ಮೈಕ್ರಾನ್' ಅಂತ ಇದ್ದರೆ ಬರೀ ಲೇಪ.

ಹರಾಜು ಹೇಗೆ ನಡೆಯುತ್ತದೆ?

ಅರಸೀಕೆರೆಯ ಕೊಬ್ಬರಿ ವ್ಯಾಪಾರ, ಜಾತ್ರೆಯಲ್ಲಿ ದೇವರ ಹಾರಕ್ಕೆ ಸವಾಲು ಕೂಗುವುದು, ಇವನ್ನು ಕಂಡವರಿಗೆ ಅರ್ಧ ಗೊತ್ತಿದ್ದಂತೆ. ಉಳಿದರ್ಧ ಕಾಗದದ ಕೆಲಸ. ನೀವು ಫೋಟೋ ಕಳಿಸುತ್ತೀರಿ. ಅವರಿಗೆ ಇಷ್ಟವಾದರೆ ವಾಚು ತರಿಸಿಕೊಂಡು, ಬಿಚ್ಚಿ ನೋಡಿ, ಇಷ್ಟರಿಂದ ಇಷ್ಟರವರೆಗೆ ಹೋಗಬಹುದು ಅಂತ ಅಂದಾಜು ಬೆಲೆ ಹೇಳುತ್ತಾರೆ. ಇದಕ್ಕಿಂತ ಕೆಳಗೆ ಕೊಡಲ್ಲ ಅನ್ನುವ ಒಂದು ಗುಟ್ಟಿನ ಬೆಲೆಯನ್ನೂ ನಿಮ್ಮ ಜೊತೆ ಕೂತು ಗೊತ್ತುಮಾಡುತ್ತಾರೆ. ಸವಾಲು ಅಲ್ಲಿಯವರೆಗೆ ಏರದಿದ್ದರೆ ವಾಚು ವಾಪಸ್.

ಇಲ್ಲಿ ಎಲ್ಲರೂ ಎಡವುವುದು ಕಮಿಷನ್ನಿನಲ್ಲಿ. ಎರಡು ಕಡೆಯಿಂದಲೂ ತೆಗೆದುಕೊಳ್ಳುತ್ತಾರೆ. ಸುತ್ತಿಗೆ 10 ಲಕ್ಷಕ್ಕೆ ಬಿತ್ತು ಅಂದುಕೊಳ್ಳಿ. ದೊಡ್ಡ ಸಂಸ್ಥೆಗಳಲ್ಲಿ ಕೊಂಡವರು ಅದರ ಮೇಲೆ ಸುಮಾರು ಕಾಲು ಭಾಗ ಸೇರಿಸಿ ಕೊಡುತ್ತಾರೆ, ಅಂದರೆ ಹನ್ನೆರಡೂವರೆ ಲಕ್ಷದ ಹತ್ತಿರ. ತೆರಿಗೆ ಬೇರೆ. ಮಾರಿದವರಿಗೆ ಹತ್ತರಲ್ಲೂ ಒಂದಿಷ್ಟು ಕಳೆದು ಕೈಗೆ ಬರುತ್ತದೆ. ಪೇಪರಿನಲ್ಲಿ ಬರುವುದು ಆ ಹನ್ನೆರಡೂವರೆ. ಅದನ್ನು ಓದಿ ಲೆಕ್ಕ ಹಾಕಬೇಡಿ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಿಮೆ ಯಾರದ್ದು, ಮಾರಾಟವಾಗದಿದ್ದರೆ ವಾಪಸ್ ಕಳಿಸುವ ಖರ್ಚು ಯಾರದ್ದು, ಇವೆರಡನ್ನೂ ಬಾಯಿಬಿಟ್ಟು ಕೇಳಿ. ನಮ್ಮವರಿಗೆ ಸಂಕೋಚ ಜಾಸ್ತಿ.

ಭಾರತದಲ್ಲೇ ಮಾರಬಹುದಾ? ಹೊರಗೆ ಕಳಿಸಬಹುದಾ?

ಮುಂಬೈನ ಸ್ಯಾಫ್ರನ್‌ಆರ್ಟ್, ಆಸ್ಟಾಗುರು ಎರಡೂ ವಾಚಿನ ಹರಾಜು ನಡೆಸಿವೆ. ಮನೆಯಲ್ಲೇ ಕೂತು ಆನ್‌ಲೈನಲ್ಲಿ ಸವಾಲು ಹಾಕಬಹುದು. ಜಿನೀವಾ, ನ್ಯೂಯಾರ್ಕ್, ಹಾಂಗ್‌ಕಾಂಗ್ ಹರಾಜುಗಳು ದೊಡ್ಡವು, ಆದರೆ ಕಳಿಸುವುದು, ತರಿಸುವುದು ಅಂದರೆ ಕಸ್ಟಮ್ಸ್ ಕಾಗದ. ಯಾರದೋ ಜೇಬಿನಲ್ಲಿ ಕಳಿಸುವ ಐಡಿಯಾ ಮಾತ್ರ ಬೇಡ. ಇನ್ನೊಂದು ವಿಷಯ: 1972ರ ಪ್ರಾಚ್ಯವಸ್ತು ಕಾಯ್ದೆ ಅಂತ ಒಂದಿದೆ. ನೂರು ವರ್ಷ ದಾಟಿದ ಕುಶಲಕಲೆಯ ವಸ್ತು ಅದರಡಿ ಬರಬಹುದು, ಬಂದರೆ ದೇಶದ ಹೊರಗೆ ಕಳಿಸುವಂತಿಲ್ಲ. ಕೈಗಡಿಯಾರಕ್ಕೆ ಈ ತೊಂದರೆ ಕಡಿಮೆ. ಮುತ್ತಜ್ಜನ ಜೇಬುಗಡಿಯಾರ ಇದ್ದರೆ ಮೊದಲು ವಿಚಾರಿಸಿ.

ತೆರಿಗೆ?

ನಿಮ್ಮ ಆಡಿಟರನ್ನೇ ಕೇಳಿ. ಒಂದು ಮಾತ್ರ ತಿಳಿದಿರಲಿ: 2025ರ ಏಪ್ರಿಲ್ 22ರಿಂದ 10 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕೈಗಡಿಯಾರ ಮಾರುವ ವ್ಯಾಪಾರಿಗಳು ಕೊಳ್ಳುವವರಿಂದ ಶೇ. 1ರಷ್ಟು ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯಬೇಕು. ರಿಟರ್ನ್ಸ್ ಹಾಕುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಡಬ್ಬಿ, ಬಿಲ್ಲು ಏನೂ ಇಲ್ಲ. ಮಾರಾಟವಾಗುತ್ತಾ?

ಆಗುತ್ತೆ, ಆದರೆ ಇದ್ದರೆ ಬೇರೆಯೇ ಮಾತು. ಬೀರು, ಟ್ರಂಕು, ಅಟ್ಟದ ಮೇಲಿನ ಕಾಗದದ ಕಟ್ಟು, ಎಲ್ಲ ಹುಡುಕಿ. ಒಮ್ಮೆ ಬೇಲೂರಿನ ಹತ್ತಿರದ ಮನೆಯೊಂದರಲ್ಲಿ ಗ್ಯಾರಂಟಿ ಕಾರ್ಡು ಸಿಕ್ಕಿದ್ದು ಪಂಚಾಂಗದ ಮಧ್ಯದಲ್ಲಿ. ಅಜ್ಜ ಅದೇ ವಾಚು ಕಟ್ಟಿಕೊಂಡು ತೆಗೆಸಿಕೊಂಡ ಸ್ಟುಡಿಯೋ ಫೋಟೋ ಇದ್ದರೆ ಅದೂ ದಾಖಲೆಯೇ. ಪಟೆಕ್, ಲಾಂಜಿನ್ಸ್ ಕಂಪನಿಗಳು ನಂಬರು ಕೊಟ್ಟರೆ ತಮ್ಮ ಹಳೆಯ ಕಡತ ನೋಡಿ, ಯಾವಾಗಿನ ವಾಚು ಅಂತ ಪತ್ರ ಕೊಡುತ್ತವೆ. ರೋಲೆಕ್ಸ್ ಕೊಡುವುದಿಲ್ಲ.

ಅಪ್ಪನ ವಾಚು ನನ್ನ ಹತ್ತಿರ ಇದೆ. ಅಣ್ಣತಮ್ಮಂದಿರನ್ನು ಕೇಳಬೇಕಾ?

ತೋಟದ ಪಾಲು ಆಗುವಾಗ ಗಿಡ ಗಿಡ ಎಣಿಸಿದವರು ವಾಚನ್ನು ಮರೆತಿರುತ್ತಾರೆ. ಪೇಪರಿನಲ್ಲಿ ಬೆಲೆ ಬಂದ ದಿನ ನೆನಪಾಗುತ್ತದೆ! ವಾಚು ನಿಮ್ಮದು ಅಂತ ಹರಾಜು ಸಂಸ್ಥೆಗೆ ನೀವೇ ಬರೆದುಕೊಡಬೇಕು. ಅಕ್ಕತಂಗಿಯರೂ ಸೇರಿ ಎಲ್ಲರ ಒಪ್ಪಿಗೆ ಕಾಗದದಲ್ಲಿ ತೆಗೆದುಕೊಳ್ಳಿ.

ಮಲೆನಾಡಿನ ಮಳೆಗೆ ವಾಚು ಕಾಪಾಡೋದು ಹೇಗೆ?

ಹಾಸನದ ಬಯಲು ಕಡೆ ಅಷ್ಟು ಕಷ್ಟವಿಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಚಪ್ಪಲಿ, ಬೆಲ್ಟು, ಬಟ್ಟೆಗೆಲ್ಲ ಬೂಷ್ಟು ಬರುವ ಹಾಗೆಯೇ ವಾಚಿಗೂ ಬರುತ್ತದೆ. ತೇವ ಒಳಗೆ ಹೋಗುವುದು ಕೀಯ ಪಕ್ಕದಿಂದ. ಮೊದಲು ಕೀಯ ಒಳಗಿನ ಕಡ್ಡಿಗೆ ತುಕ್ಕು, ಆಮೇಲೆ ಡಯಲ್ ಅಂಚಿಗೆ ಚುಕ್ಕೆ. ಕಳೆದ ವರ್ಷ ಮೂಡಿಗೆರೆ ಕಡೆಯ ಒಂದು ಫೇವರ್ ಲೂಬಾ ಸೀ ಚೀಫ್ ಬಂದಿತ್ತು. ಮುಚ್ಚಳ ತೆಗೆದರೆ ಕೆಂಪು ಪುಡಿ ಉದುರಿತು, ಅರಿಶಿನ ಕುಂಕುಮದ ಬಟ್ಟಲಿನ ಹಾಗೆ. ಹದಿನೈದು ವರ್ಷ ಅಡುಗೆಮನೆ ಗೋಡೆಯ ಗೂಡಿನಲ್ಲಿ ಇತ್ತಂತೆ.

ಗಾಳಿಯಾಡದ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಹೊಸ ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಿ, ತಿಂಗಳಿಗೊಮ್ಮೆ ಬದಲಿಸಿ. ಚರ್ಮದ ಬೆಲ್ಟು ಬಿಚ್ಚಿ ಬೇರೆ ಇಡಿ, ತೇವ ಹಿಡಿದುಕೊಳ್ಳುವುದೇ ಅದು. ಅಕ್ಕಿ ಡಬ್ಬದಲ್ಲಿ ಹೂತಿಡುವುದು ಬೇಡ, ಅಕ್ಕಿಯ ದೂಳು ಒಳಗೆ ಹೋಗುತ್ತದೆ. ಗಾಜಿನ ಒಳಗೆ ಮಂಜು ಕಟ್ಟಿದರೆ ಬಿಸಿಲಿಗೆ ಇಟ್ಟು ಕೂರಬೇಡಿ, ಅವತ್ತೇ ರಿಪೇರಿಯವರ ಹತ್ತಿರ ಓಡಿ. ಕೀ ಕೊಡುವ ವಾಚಾದರೆ ಬಿಗಿ ಸಿಕ್ಕ ಕೂಡಲೇ ನಿಲ್ಲಿಸಿ. ವರ್ಷಗಟ್ಟಲೆ ನಿಂತಿದ್ದಕ್ಕೆ ಎಣ್ಣೆ ಒಣಗಿರುತ್ತದೆ, ಸರ್ವಿಸ್ ಆಗದೆ ಓಡಿಸಬೇಡಿ.

ಫೋಟೋ ಹೇಗೆ ಕಳಿಸಬೇಕು?

ಫ್ಲ್ಯಾಶ್ ಇಲ್ಲದೆ, ಬೆಳಿಗ್ಗೆ ಕಿಟಕಿ ಪಕ್ಕ. ಮುಂದೆ, ಹಿಂದೆ, ಪಕ್ಕ. ಮುಚ್ಚಳ ತೆಗೆಸುವುದಾದರೆ ರಿಪೇರಿಯವರ ಕೈಯಲ್ಲೇ ತೆಗೆಸಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಿದ ಗುರುತು ಎಷ್ಟು ವಾಚಿನ ಮೇಲೆ ನೋಡಿದ್ದೇನೋ ಲೆಕ್ಕವಿಲ್ಲ.

ನೀವೇ ಕೊಂಡುಕೊಳ್ಳುತ್ತೀರಾ?

ಇಲ್ಲ. ಬೆಲೆ ಹೇಳುವವನೂ ಕೊಳ್ಳುವವನೂ ಒಬ್ಬನೇ ಆದರೆ ನಿಮಗೂ ಅನುಮಾನ, ನನಗೂ ಕಿರಿಕಿರಿ. ಅಂಗಡಿಯೂ ಇಲ್ಲ. ನೋಡಿ ಹೇಳುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಒಂದು ಲೋಟ ಕಾಫಿ ಸಾಕು. ಮದುವೆ ಮನೆಯಲ್ಲಿ ಮಾತ್ರ ಊಟ ಮುಗಿದ ಮೇಲೆ ಕೇಳಿ.